ಚಿನ್ನ ಸಿಗದಿದ್ದರೂ ಅದು ಸುದ್ದಿಯೇ

ಸಂಪಾದಕರಿಗೆ ನಮಸ್ಕಾರ.

ಉತ್ಖನನದ ಸುದ್ದಿ ಎಲ್ಲಿ ಬಂದರೂ ಬಿಡದೆ ಓದುವವರಲ್ಲಿ ನಾನೂ ಒಬ್ಬ. ಓದಿ ಓದಿ ಒಂದು ತಕರಾರು ಬೆಳೆದುಬಿಟ್ಟಿದೆ, ಅದನ್ನು ಇವತ್ತು ಹೇಳಿಯೇಬಿಡುತ್ತೇನೆ. ಅಗೆದಲ್ಲಿ ಚಿನ್ನದ ನಾಣ್ಯ ಸಿಕ್ಕರೆ ಮುಖಪುಟ. ವಿಗ್ರಹ ಸಿಕ್ಕರೆ ಒಳಪುಟದಲ್ಲಿ ಬಣ್ಣದ ಫೋಟೊ. ಹಳೆಯ ಕಾಲದ ಸಾಧಾರಣ ಹಳ್ಳಿಯೊಂದು ಸಿಕ್ಕರೆ ಮಾತ್ರ 'ಮಡಕೆ ಚೂರುಗಳು ಪತ್ತೆ' ಅಂತ ನಾಲ್ಕು ಸಾಲು. ಕೆಲವು ಸಲ ಇನ್ನೂ ಮುಂದೆ ಹೋಗಿ, 'ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ' ಅಂತ ಬರೆದುಬಿಡುತ್ತಾರೆ. ಯಾವ ಪತ್ರಿಕೆ ಹಾಗೆ ಬರೆಯಿತು ಅನ್ನುವ ಜಗಳ ಬೇಡ, ಎಲ್ಲರೂ ಬರೆಯುತ್ತಾರೆ. ನಾನು ಹೇಳುವುದು ಇಷ್ಟು: ಬೇಸಾಯಗಾರರ ಒಂದು ಊರನ್ನು ಅಗೆದಾಗ ಸಿಗುವ ಮುಖ್ಯ ವಿಷಯ ಕೈಯಲ್ಲಿ ಎತ್ತಿ ತೋರಿಸುವಂಥದ್ದಾಗಿರುವುದು ಅಪರೂಪ. ಅದು ಮಣ್ಣಿನ ಬಣ್ಣದಲ್ಲಿರುತ್ತದೆ, ಗುಂಡಿಯ ಆಕಾರದಲ್ಲಿರುತ್ತದೆ, ಸುಟ್ಟ ಕಾಳಿನಲ್ಲಿರುತ್ತದೆ. ಅದನ್ನು ಕೇಳಿ ತಿಳಿದು ಬರೆಯುವ ವರದಿಗಾರರು ಬೇಕು.

ಬೇಸಾಯ ಶುರುವಾದಾಗಿನಿಂದ ಮೊನ್ನೆ ಮೊನ್ನೆಯವರೆಗೂ ಜನರಲ್ಲಿ ಹೆಚ್ಚಿನವರು ಬದುಕಿದ್ದು ಹಳ್ಳಿಗಳಲ್ಲೇ ಅಲ್ವಾ. ಅರಮನೆ, ಕೋಟೆಗಳಲ್ಲಿ ಇದ್ದವರು ಬೆರಳೆಣಿಕೆ. ಆದರೆ ನಾವು ಶಾಲೆಯಲ್ಲಿ ಓದಿದ ಚರಿತ್ರೆ ಆ ಬೆರಳೆಣಿಕೆಯವರದ್ದು. ಅವರು ಕಲ್ಲಿನಲ್ಲಿ ಕಟ್ಟಿಸಿದರು, ಕಲ್ಲಿನ ಮೇಲೆ ಬರೆಸಿದರು. ಹಳ್ಳಿಯವರು ಮರ, ಹುಲ್ಲು, ಮಣ್ಣಿನಲ್ಲಿ ಮನೆ ಕಟ್ಟಿಕೊಂಡರು, ಊರು ಬಿಡುವಾಗ ಉಪಯೋಗಕ್ಕೆ ಬರುವುದನ್ನೆಲ್ಲ ಹೊತ್ತುಕೊಂಡು ಹೋದರು. ಹಿಂದೆ ಬಿಟ್ಟದ್ದು ಕಸ. ಒಡೆದ ಮಡಕೆ, ತಿಂದು ಬಿಸಾಡಿದ ಮೂಳೆ, ಬೂದಿ, ಮುರಿದ ಕುಡುಗೋಲು. ಪುರಾತತ್ವದವರು ಓದಬೇಕಾದದ್ದು ಈ ಕಸವನ್ನೇ.

ಮರದ ಮನೆ ಕೊಳೆತು ಹೋದ ಮೇಲೆ ಏನು ಉಳಿಯುತ್ತದೆ ಅಂತ ನೀವು ಕೇಳಬಹುದು. ಕಂಬ ನೆಡಲು ತೋಡಿದ ಗುಂಡಿ ಉಳಿಯುತ್ತದೆ. ಕಂಬ ಕೊಳೆತ ಜಾಗಕ್ಕೆ ಮೇಲಿನ ಸಡಿಲ ಮಣ್ಣು ಇಳಿದು ತುಂಬಿಕೊಳ್ಳುತ್ತದೆ, ಅದು ಸುತ್ತಲಿನ ಗಟ್ಟಿ ಮಣ್ಣಿಗಿಂತ ಕಪ್ಪಗೆ, ಮೆತ್ತಗೆ ಇರುತ್ತದೆ. ಮೇಲ್ಮಣ್ಣು ತೆಗೆದು, ಕರಣೆಯಿಂದ ನಯವಾಗಿ ಕೆರೆದು, ಸ್ವಲ್ಪ ನೀರು ಚಿಮುಕಿಸಿದರೆ ದುಂಡಗಿನ ಕಪ್ಪು ಕಲೆಗಳು ಎದ್ದು ಕಾಣುತ್ತವೆ. ಒಂಟಿ ಕಲೆಯಾದರೆ ಇಲಿಯ ಬಿಲವೂ ಆಗಿರಬಹುದು, ಮರದ ಬೇರು ಇಳಿದ ಜಾಗವೂ ಆಗಿರಬಹುದು. ಕಲೆಗಳು ಸಾಲಾಗಿ, ಸಮ ಅಂತರದಲ್ಲಿ, ಎದುರುಬದುರಾಗಿ ನಿಂತರೆ ಅಲ್ಲೊಂದು ಮನೆಯಿತ್ತು. ಸಾಲಿನ ನಡುವೆ ಎಲ್ಲಾದರೂ ಅಂತರ ಜಾಸ್ತಿ ಇದ್ದರೆ ಬಾಗಿಲು. ಒಂದು ಗುಂಡಿಯ ಅಂಚನ್ನು ಇನ್ನೊಂದು ಗುಂಡಿ ಕತ್ತರಿಸಿದ್ದರೆ, ಕತ್ತರಿಸಿದ್ದು ಆಮೇಲಿನದು. ಗುಂಡಿಯನ್ನು ಒಮ್ಮೆಲೇ ಪೂರ್ತಿ ತೋಡುವುದೂ ಇಲ್ಲ. ಮೊದಲು ಅರ್ಧ ತೆಗೆಯುತ್ತಾರೆ, ಉಳಿದರ್ಧದ ಬದಿಯಲ್ಲಿ ಮಣ್ಣು ಯಾವ ಕ್ರಮದಲ್ಲಿ ತುಂಬಿಕೊಂಡಿತು ಅನ್ನುವುದು ಪದರ ಪದರವಾಗಿ ಕಾಣುತ್ತದೆ, ಅದರ ಚಿತ್ರ ಬರೆದುಕೊಂಡ ಮೇಲೆ ಉಳಿದದ್ದನ್ನು ತೆಗೆಯುತ್ತಾರೆ. ನೆಲದ ಮಣ್ಣಿನಲ್ಲಿ ರಂಜಕ ಎಷ್ಟಿದೆ ಅಂತ ಅಳೆದರೆ ಮನೆಯ ಯಾವ ಭಾಗದಲ್ಲಿ ದನ ಕಟ್ಟುತ್ತಿದ್ದರು ಅನ್ನುವುದೂ ಗೊತ್ತಾಗುತ್ತದೆ. ಸಗಣಿ, ಗಂಜಲ ಬಿದ್ದ ಕಡೆ ಅದು ಜಾಸ್ತಿ.

ಫೋಟೊದಲ್ಲಿ ಇದೆಲ್ಲ ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ. ಚುಕ್ಕೆ ಚುಕ್ಕೆಯ ಮಣ್ಣು, ಅಷ್ಟೇ. ಆದರೆ ಒಂದು ನಕ್ಷೆ ಹಾಕಬಹುದಲ್ಲ? ಕ್ರಿಕೆಟ್ ಪಂದ್ಯದಲ್ಲಿ ಯಾವ ರನ್ನು ಯಾವ ದಿಕ್ಕಿಗೆ ಹೋಯಿತು ಅಂತ ಗೆರೆ ಎಳೆದು ತೋರಿಸುತ್ತಾರೆ, ಓದುಗರು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ಈ ಕಲೆಗಳನ್ನು ಓದುವುದರಲ್ಲಿ ಪಳಗಿದವರೂ ಎಡವಿದ್ದಾರೆ. ಜರ್ಮನಿಯ ಕಲೋನ್ ನಗರದ ಲಿಂಡೆಂತಾಲ್‌ನಲ್ಲಿ 1929ರಿಂದ 1934ರವರೆಗೆ ನವಶಿಲಾಯುಗದ ಬೇಸಾಯಗಾರರ ಊರೊಂದನ್ನು ದೊಡ್ಡ ಪ್ರಮಾಣದಲ್ಲಿ ಅಗೆದರು. ಅಂಕುಡೊಂಕಾದ ಗುಂಡಿಗಳು ಸಿಕ್ಕವು, ಪಕ್ಕದಲ್ಲೇ ಉದ್ದುದ್ದ ಕಂಬಸಾಲುಗಳೂ ಸಿಕ್ಕವು. ಜನ ಗುಂಡಿಗಳಲ್ಲಿ ವಾಸವಿದ್ದರು, ಉದ್ದನೆಯ ಕಟ್ಟಡಗಳು ಕಣಜಗಳು ಅಂತ ಅಗೆದವರು ತೀರ್ಮಾನಿಸಿದರು. 1940ರ ದಶಕದಲ್ಲಿ ಆ ತೀರ್ಮಾನ ತಲೆಕೆಳಗಾಯಿತು. ಉದ್ದನೆಯ ಕಟ್ಟಡಗಳೇ ಮನೆಗಳು. ಗುಂಡಿಗಳು ಗೋಡೆಗೆ ಮೆತ್ತಲು ಮಣ್ಣು ತೆಗೆದ ಹಳ್ಳಗಳು, ಆಮೇಲೆ ಅವುಗಳಿಗೆ ಕಸ ಸುರಿದಿದ್ದಾರೆ. ಅಂದರೆ ಆ ವಿದ್ವಾಂಸರು ಒಂದು ಇಡೀ ಊರಿನ ಜನರನ್ನು ತಿಪ್ಪೆಯಲ್ಲಿ ಮಲಗಿಸಿ, ಇಪ್ಪತ್ತು ಮೂವತ್ತು ಮೀಟರ್ ಉದ್ದದ ಮನೆಗಳನ್ನು ಕಾಳಿಗೆ ಕೊಟ್ಟುಬಿಟ್ಟಿದ್ದರು! ಏಳು ಸಾವಿರ ವರ್ಷದ ಹಿಂದಿನವರು ಅಂದರೆ ಗುಂಡಿಯಲ್ಲಿ ಇರುವವರೇ ಅನ್ನುವ ಹಳೆಯ ನಂಬಿಕೆಯೂ ಇದರಲ್ಲಿ ಕೆಲಸ ಮಾಡಿರಬೇಕು ಅಂತ ನನ್ನ ಅನುಮಾನ. ಒಳ್ಳೆಯ ಸಂಗತಿಯೆಂದರೆ ಅವರು ಎಲ್ಲವನ್ನೂ ಅಳೆದು ಚಿತ್ರ ಬರೆದು ಪ್ರಕಟಿಸಿದ್ದರು. ಹಾಗಾಗಿ ಬೇರೆಯವರು ಅದೇ ನಕ್ಷೆಯನ್ನು ಮುಂದಿಟ್ಟುಕೊಂಡು ತಿದ್ದಲು ಸಾಧ್ಯವಾಯಿತು. ಈ ಮಾತಿಗೆ ಮತ್ತೆ ಬರುತ್ತೇನೆ.

ಇಂಗ್ಲೆಂಡಿನ ಸಫೊಕ್ ಸೀಮೆಯ ವೆಸ್ಟ್ ಸ್ಟೋ ಇನ್ನೊಂದು ಕಥೆ. ಕ್ರಿ.ಶ. ಐದನೇ ಶತಮಾನದಿಂದ ಏಳನೇ ಶತಮಾನದವರೆಗೆ ಜನವಿದ್ದ ಸಣ್ಣ ಹಳ್ಳಿ. ಗಾಳಿಗೆ ಹಾರಿ ಬಂದ ಮರಳು ಮೇಲೆ ಮುಚ್ಚಿಕೊಂಡದ್ದರಿಂದ ಚೆನ್ನಾಗಿ ಉಳಿದಿತ್ತು. ಸ್ಟ್ಯಾನ್ಲಿ ವೆಸ್ಟ್ ಅದನ್ನು 1965ರಿಂದ 1972ರವರೆಗೆ ಅಗೆದರು. ಅಲ್ಲಿನ ಬಹಳಷ್ಟು ಕಟ್ಟಡಗಳ ಕೆಳಗೆ ಆಯತಾಕಾರದ ಒಂದು ಗುಂಡಿ ಇತ್ತು, ಎರಡು ತುದಿಗಳಲ್ಲಿ ಕಂಬದ ಗುರುತು. ಇಂಥವು ಆ ಕಾಲದ ಉತ್ತರ ಯುರೋಪಿನ ಉದ್ದಕ್ಕೂ ಸಿಗುತ್ತವೆ. ಜನ ಆ ಗುಂಡಿಯ ತಳದಲ್ಲೇ ಕೂತು ಕೆಲಸ ಮಾಡುತ್ತಿದ್ದರೋ, ಅಥವಾ ಗುಂಡಿಯ ಮೇಲೆ ಹಲಗೆ ಹಾಸಿ ನೆಲ ಮಾಡಿಕೊಂಡಿದ್ದರೋ? ಕಾಗದದ ಮೇಲೆ ಜಗಳವಾಡಿದರೆ ಮುಗಿಯುವ ಪ್ರಶ್ನೆಯಲ್ಲ. ಪುರಾತತ್ವದವರು ಅದೇ ಜಾಗದಲ್ಲಿ, ಆ ಕಾಲದ ಉಪಕರಣಗಳ ಮಾದರಿ ಮಾಡಿಕೊಂಡು, ಮನೆಗಳನ್ನು ಕಟ್ಟಿಯೇ ನೋಡಿದರು. ತಳದಲ್ಲಿ ಓಡಾಡಿದರೆ ಗುಂಡಿಯ ಅಂಚು ಕುಸಿಯುತ್ತದೆ, ತೇವ ಬರುತ್ತದೆ. ಹಲಗೆ ಹಾಸಿದರೆ ಒಣಗಿರುತ್ತದೆ. ಅಲ್ಲಿ ಈಗ ಹೆಚ್ಚಿನವರು ಒಪ್ಪುವುದು ಹಲಗೆಯ ನೆಲವನ್ನೇ. 2005ರಲ್ಲಿ ಹಾಗೆ ಕಟ್ಟಿದ ಒಂದು ಮನೆಗೆ ಬೆಂಕಿ ಬಿತ್ತು. ಸುಮ್ನೆ ಬೂದಿ ಗುಡಿಸಿ ಹಾಕಲಿಲ್ಲ. ಸುಟ್ಟ ಮನೆ ನೆಲದಲ್ಲಿ ಎಂಥ ಗುರುತು ಬಿಡುತ್ತದೆ ಅಂತ ಅದನ್ನೂ ಉತ್ಖನನದ ಕ್ರಮದಲ್ಲೇ ಅಗೆದು ದಾಖಲಿಸಿದರು. ಇದಕ್ಕಿಂತ ಒಳ್ಳೆಯ ಭಾನುವಾರದ ಪುರವಣಿ ಲೇಖನ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಇನ್ನು ಒಂದೇ ಹೊಲದಲ್ಲಿ ಸಾವಿರಾರು ವರ್ಷ ಅಂತರದ ಎರಡು ಮೂರು ಊರುಗಳು ಸಿಕ್ಕಾಗ ನಮ್ಮ ಸುದ್ದಿಗಳು ಪೂರ್ತಿ ಗೋಜಲಾಗುತ್ತವೆ. ಥೇಮ್ಸ್ ನದಿಯ ಮುಖದ ಹತ್ತಿರ ಮಕಿಂಗ್ ಅಂತ ಒಂದು ಜಾಗ. ವಿಮಾನದಿಂದ ತೆಗೆದ ಫೋಟೊಗಳಲ್ಲಿ ಬೆಳೆಯ ನಡುವೆ ಗೆರೆಗಳು, ಉಂಗುರಗಳು ಕಂಡಿದ್ದವು. ನೆಲದೊಳಗೆ ಹಳೆಯ ಕಂದಕ ಇದ್ದಲ್ಲಿ ಮಣ್ಣು ಆಳ, ತೇವ ಜಾಸ್ತಿ, ಹಾಗಾಗಿ ಬೇಸಿಗೆಯಲ್ಲಿ ಅಲ್ಲಿನ ಪೈರು ಹಸಿರಾಗಿ ಎತ್ತರಕ್ಕೆ ನಿಲ್ಲುತ್ತದೆ. ಆ ಜಾಗವನ್ನು ಜಲ್ಲಿಗಾಗಿ ತೋಡುತ್ತಿದ್ದರು. ಮಾರ್ಗರೆಟ್ ಮತ್ತು ಟಾಮ್ ಜೋನ್ಸ್ ದಂಪತಿ ಕ್ವಾರಿಯ ಯಂತ್ರಗಳ ಮುಂದೆ ಮುಂದೆ ಹೋಗುತ್ತಾ 1965ರಿಂದ 1978ರವರೆಗೆ ಅಗೆದರು. ನವಶಿಲಾಯುಗದಿಂದ ಹಿಡಿದು ಕಂಚಿನ ಯುಗ, ಕಬ್ಬಿಣದ ಯುಗ, ರೋಮನ್ ಕಾಲ, ಅದರ ಮೇಲೆ ಮಧ್ಯಯುಗದ ಆರಂಭದ ಹಳ್ಳಿ, ಎಲ್ಲ ಒಂದೇ ಕಡೆ. ವೆಸ್ಟ್ ಸ್ಟೋದಲ್ಲಿ ಕಂಡಂಥ ಗುಂಡಿಮನೆಗಳೇ ಇಲ್ಲಿ 200ಕ್ಕೂ ಹೆಚ್ಚು.

ಇಂಥ ಕಡೆ ಒಂದು ತಲೆನೋವು ತಪ್ಪಿದ್ದಲ್ಲ. ಏಳನೇ ಶತಮಾನದವನೊಬ್ಬ ಗುಂಡಿ ತೋಡಿದ ಅನ್ನಿ. ಅವನ ಸಲಿಕೆ ಎರಡು ಸಾವಿರ ವರ್ಷ ಹಳೆಯ ಪದರವನ್ನು ಸೀಳಿಕೊಂಡು ಹೋಗುತ್ತದೆ, ಅಲ್ಲಿನ ಬೋಕಿ ಚೂರುಗಳು ಮೇಲೆ ಬರುತ್ತವೆ. ಗುಂಡಿ ಮುಚ್ಚುವಾಗ ಅವೇ ಚೂರುಗಳು ಮತ್ತೆ ಒಳಗೆ ಬೀಳುತ್ತವೆ. ಈಗ ನೀವು ಅಗೆದರೆ ಹೆಚ್ಚು ಸಿಗುವುದು ಹಳೆಯ ಚೂರು, ಹೊಸದು ಒಂದೋ ಎರಡೋ. ಆದರೂ ಗುಂಡಿಯ ಕಾಲ ನಿರ್ಧರಿಸುವುದು ಆ ಒಂದೆರಡು ಹೊಸ ಚೂರೇ. ಒಳಗೆ ಬಿದ್ದಿರುವ ಅತಿ ಹೊಸ ವಸ್ತುವಿಗಿಂತ ಮುಂಚೆ ಆ ಗುಂಡಿ ಮುಚ್ಚಿರಲು ಸಾಧ್ಯವಿಲ್ಲವಲ್ಲ. ಜೊತೆಗೆ ಹೆಗ್ಗಣ ತೋಡುತ್ತದೆ, ಎರೆಹುಳು ಮಣ್ಣು ಮೇಲೆ ಕೆಳಗೆ ಮಾಡುತ್ತದೆ, ನೇಗಿಲು ಮೇಲಿನದನ್ನೆಲ್ಲ ಕಲಸುತ್ತದೆ. ಹಾಗಾಗಿ 'ಮೂರು ಸಾವಿರ ವರ್ಷಗಳಿಂದ ಜನ ಇಲ್ಲಿ ನಿರಂತರವಾಗಿ ವಾಸವಿದ್ದರು' ಅಂತ ತಲೆಬರಹ ಕಂಡ ಕೂಡಲೇ ನನಗೆ ಕಸಿವಿಸಿ. ನಿರಂತರ ಅನ್ನಲು ಆಧಾರ ಏನು? ನೀರು ಹತ್ತಿರ, ಉಳುವುದಕ್ಕೆ ಹಗುರ ಮಣ್ಣು, ಮಳೆನೀರು ನಿಲ್ಲದ ಸ್ವಲ್ಪ ಎತ್ತರದ ಜಾಗ. ಇಷ್ಟು ಅನುಕೂಲ ಇದ್ದರೆ ಒಬ್ಬರು ಬಿಟ್ಟು ಹೋದ ಮೇಲೆ ಐನೂರು ವರ್ಷ ಕಳೆದು ಇನ್ನೊಬ್ಬರು ಬಂದು ಅಲ್ಲೇ ಮನೆ ಹಾಕಬಹುದು, ಹಿಂದಿನವರ ಸುದ್ದಿಯೇ ಗೊತ್ತಿಲ್ಲದೆ.

ಕಾಲದ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. 'ಕಾರ್ಬನ್ ಪರೀಕ್ಷೆಯಿಂದ ಸಾಬೀತು' ಅಂತ ಬರೆಯುವಾಗ ಯಾವ ವಸ್ತುವಿನ ಪರೀಕ್ಷೆ ಅಂತ ದಯವಿಟ್ಟು ಕೇಳಿಸಿ. ಆ ಪರೀಕ್ಷೆ ಹೇಳುವುದು ಜೀವ ಇದ್ದದ್ದು ಯಾವಾಗ ಗಾಳಿಯಿಂದ ಕಾರ್ಬನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು ಅನ್ನುವುದನ್ನು. ಮುದಿ ಮರದ ತಿರುಳು ಆ ಮರ ಕಡಿಯುವ ನೂರಾರು ವರ್ಷ ಮೊದಲೇ ಬೆಳೆದು ನಿಂತಿರುತ್ತದೆ. ಅದರ ಇದ್ದಿಲಿನಿಂದ ಬಂದ ವಯಸ್ಸು ಒಲೆಯ ವಯಸ್ಸಿಗಿಂತ ಹಿಂದಕ್ಕೆ ಹೋಗುತ್ತದೆ. ಸುಟ್ಟ ಒಂದು ಕಾಳಾದರೆ ಒಂದೇ ವರ್ಷದ ಬೆಳೆ. ಒಂದು ಹಿಡಿ ಇದ್ದಿಲಿಗಿಂತ ಒಂದು ಕಾಳನ್ನು ಜಾಸ್ತಿ ನಂಬುವುದು ಅದಕ್ಕೇ.

ಕಾಳು ಅಂದಾಗ ನಮ್ಮ ಬಳ್ಳಾರಿಯ ಹತ್ತಿರದ ಸಂಗನಕಲ್ಲು ನೆನಪಾಗಬೇಕು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ ಜಾಗ. ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು, ಆಮೇಲೆ 1960ರ ದಶಕದಲ್ಲಿ ಮತ್ತೆ ಅಗೆತ ಆಯಿತು, ಈಚೆಗೆ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಹೊಸ ವಿಧಾನಗಳೊಂದಿಗೆ ಮತ್ತೆ ಹೋದರು. ಹೊಸ ವಿಧಾನ ಅಂದರೆ ದೊಡ್ಡ ಯಂತ್ರವೇನಲ್ಲ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಕರಕಲಾದ ಕಾಳು, ಹೊಟ್ಟು ಹಗುರವಾಗಿ ತೇಲುತ್ತವೆ, ಸಣ್ಣ ಜರಡಿಯಲ್ಲಿ ಹಿಡಿಯುತ್ತಾರೆ. ಸುಟ್ಟು ಇದ್ದಿಲಾದದ್ದನ್ನು ಹುಳ ತಿನ್ನುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ಸಾವಿರಾರು ವರ್ಷ ಹಾಗೇ ಇರುತ್ತದೆ. ಹೀಗೆ ಸಿಕ್ಕದ್ದೇನು? ಹುರುಳಿ, ಹೆಸರು, ಕೊರಲೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ದಖ್ಖನ್ನಿನ ಒಣಸೀಮೆಯ ಜನ ಬೆಳೆದು ಉಣ್ಣುತ್ತಿದ್ದದ್ದು ಇವನ್ನೇ. ಗೋಧಿ, ಬಾರ್ಲಿ ಹೊರಗಿನಿಂದ ಬಂದು ಸೇರಿಕೊಂಡವು. ದಕ್ಷಿಣ ಭಾರತದಲ್ಲಿ ಬೇಸಾಯ ಹೇಗೆ ಹುಟ್ಟಿತು ಅನ್ನುವ ದೊಡ್ಡ ಪ್ರಶ್ನೆಗೆ ಉತ್ತರ ಹೀಗೆ ಜರಡಿಯಲ್ಲಿ ಸಿಕ್ಕಿದೆ. ಹಳೆಯ ಅಗೆತಗಳಲ್ಲಿ ಆ ಮಣ್ಣೆಲ್ಲ ಆಚೆ ಹೋಗಿತ್ತು.

ಬೂದಿದಿಬ್ಬಗಳದ್ದೂ ಅಷ್ಟೇ. ದಖ್ಖನ್ನಿನ ಒಣಸೀಮೆಯಲ್ಲಿ ಅಲ್ಲಲ್ಲಿ ದಿಬ್ಬದಂತೆ ನಿಂತಿರುವ, ನವಶಿಲಾಯುಗದ ಬೂದಿಯ ರಾಶಿಗಳು ಇವು. ಜ್ವಾಲಾಮುಖಿ ಅಂದವರಿದ್ದರು, ಪುರಾಣದ ರಾಕ್ಷಸರ ಚಿತೆ ಅಂದವರಿದ್ದರು. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ 1957ರಲ್ಲಿ ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳು ಸಿಕ್ಕವು, ಸುತ್ತ ಬೇಲಿಗೆ ನೆಟ್ಟ ಕಂಬಗಳ ಗುಂಡಿಗಳೂ ಸಿಕ್ಕವು. ಅದು ದನದ ದೊಡ್ಡಿ, ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದಾರೆ. ಅದೇ ಕಂಬದ ಗುಂಡಿ, ಅದೇ ಮಣ್ಣಿನ ಬಣ್ಣ. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದಿಬ್ಬದ ಪಕ್ಕದಲ್ಲೇ ಜನವಸತಿಯೂ ಸಿಕ್ಕಿತು. ದನದ ದೊಡ್ಡಿ ಮತ್ತು ಊರು ಜೊತೆಜೊತೆಗೇ ಇದ್ದವು.

ಇತಿಹಾಸಪೂರ್ವ ಕಾಲದಲ್ಲಿ ನಮಗೆ ಇಷ್ಟಾದರೂ ಇದೆ. ಮಧ್ಯಯುಗದ ಆರಂಭಕ್ಕೆ ಬಂದರೆ ವಿಚಿತ್ರ ನೋಡಿ, ಶಾಸನಗಳು ಬೇಕಾದಷ್ಟಿವೆ, ಅಗೆದ ಹಳ್ಳಿಗಳು ತೀರಾ ಕಡಿಮೆ. ದತ್ತಿ ಕೊಟ್ಟ ಹೊಲದ ಎಲ್ಲೆ ಗೊತ್ತು, ಕೆರೆ ಕಟ್ಟಿಸಿದವರು ಗೊತ್ತು, ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು ಇದೆ. ಹತ್ತನೇ ಶತಮಾನದ ಆತಕೂರು ಶಾಸನದಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ನಾಯಿಯ ಹೆಸರೂ ಇದೆ, ಕಾಳಿ ಅಂತ. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟಿದ್ದಾರೆ! ಅದನ್ನು ಓದಿದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಆ ಕಾಲದ ಒಬ್ಬ ಒಕ್ಕಲಿನವನ ಮನೆಗೆ ಎಷ್ಟು ಅಂಕಣ, ದನ ಒಳಗೋ ಹೊರಗೋ, ಹಗೇವು ಎಲ್ಲಿತ್ತು, ಯಾವ ವಯಸ್ಸಿನ ಎತ್ತಿನ ಮೂಳೆ ಸಿಗುತ್ತದೆ ಅಂತ ಕೇಳಿದರೆ ಶಾಸನ ಹೇಳುವುದಿಲ್ಲ. ಅದು ಹೇಳುವುದಕ್ಕೆ ಬರೆಸಿದ್ದೂ ಅಲ್ಲ. ಅಗೆದೇ ತಿಳಿಯಬೇಕು. ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಗ್ರಾಮ ಅಂತ ಹೆಸರು ಉಳಿಸಿಕೊಂಡು ಜನ ಇಲ್ಲದ ಊರುಗಳಿವೆಯಲ್ಲ, ಶುರು ಮಾಡಲು ಅವೇ ಸಾಕು. ಬ್ರಿಟನ್ನಿನಲ್ಲಿ ವಾರಮ್ ಪರ್ಸಿ ಅನ್ನುವ ಒಂದೇ ಒಂದು ಹಾಳೂರನ್ನು 1950ರಿಂದ 1990ರವರೆಗೆ ನಲವತ್ತು ವರ್ಷ, ಬೇಸಿಗೆ ಬೇಸಿಗೆಗೆ ಹೋಗಿ ಅಗೆದರು.

ಹಾಳೂರು ಅಂದರೆ ಬರ, ರೋಗ, ಯುದ್ಧ ಅಂತಲೇ ನಾವು ಅಂದುಕೊಳ್ಳುತ್ತೇವೆ. ಅದೂ ಯಾವಾಗಲೂ ನಿಜವಲ್ಲ. ಡೆನ್ಮಾರ್ಕಿನ ವೋರ್ಬಾಸೆಯನ್ನು 1970 ಮತ್ತು 80ರ ದಶಕಗಳಲ್ಲಿ ವಿಶಾಲವಾಗಿ ಅಗೆದಾಗ ಕಂಡದ್ದು, ಒಂದೇ ಊರು ಸುಮಾರು ಸಾವಿರ ವರ್ಷಗಳಲ್ಲಿ ಹಲವು ಸಲ ಜಾಗ ಬದಲಿಸಿದೆ, ಪ್ರತಿ ಸಲವೂ ಕೂಗಳತೆಯ ದೂರಕ್ಕೆ. ಬೇಲಿ ಹಾಕಿದ ಮನೆಯಂಗಳಗಳ ಸಮೇತ ಊರು ಸರಿಯುತ್ತಾ ಹೋಗಿದೆ. ಸಣ್ಣ ಟ್ರೆಂಚ್ ಹೊಡೆದು ನೋಡಿದ್ದರೆ 'ಊರು ನಾಶವಾಯಿತು' ಅಂತ ಬರೆದು ಮುಗಿಸುತ್ತಿದ್ದರು. ಹತ್ತಾರು ಎಕರೆ ಬಿಚ್ಚಿ ನೋಡಿದ್ದಕ್ಕೆ ಈ ನಡಿಗೆ ಗೊತ್ತಾಯಿತು. ಹಳ್ಳಿಯ ಉತ್ಖನನಕ್ಕೆ ಅಗಲ ಬೇಕು, ಆಳ ಮಾತ್ರ ಸಾಲದು.

ಅಷ್ಟು ಅಗಲ ಬಿಚ್ಚಲು ದುಡ್ಡು ಯಾರು ಕೊಡುತ್ತಾರೆ? ಯುರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ವಲೆಟ್ಟಾದಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ರಸ್ತೆ, ಗಣಿ, ಬಡಾವಣೆಯಿಂದ ಹಳೆಯ ನೆಲೆ ಹಾಳಾಗುವುದಾದರೆ ಅದನ್ನು ಮೊದಲು ಅಗೆದು ದಾಖಲಿಸುವ ಖರ್ಚು ಆ ಯೋಜನೆಯ ಲೆಕ್ಕದಲ್ಲೇ ಬರಬೇಕು ಅನ್ನುವುದು ಅದರ ಒಂದು ಮುಖ್ಯ ಅಂಶ. ನಮ್ಮಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾಯ್ದೆ ಇದೆ, 2010ರ ತಿದ್ದುಪಡಿಯ ನಂತರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಇರುವ ಸ್ಮಾರಕಕ್ಕೆ ಮಾತ್ರ ಈ ಬೇಲಿ. ಜೋಳದ ಹೊಲದ ಕೆಳಗಿರುವ ಕಂಬದ ಗುಂಡಿಗಳು ಯಾವ ಪಟ್ಟಿಯಲ್ಲಿವೆ? ಜೆಸಿಬಿ ಒಂದು ಬೆಳಗ್ಗೆ ಹೋಗಿ ಬಂದರೆ ಮುಗಿಯಿತು. ಬೂದಿದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲ ಸೇರಿದೆ, ಸಂಗನಕಲ್ಲಿನ ಸುತ್ತಲ ಬೆಟ್ಟಗಳನ್ನೇ ಕಲ್ಲುಗಣಿ ತಿಂದಿದೆ. ಪತ್ರಿಕೆಗಳು ಕೂಗಬೇಕಾದದ್ದು ಇಲ್ಲಿ.

ಮತ್ತೆ ಬರುತ್ತೇನೆ ಅಂದಿದ್ದ ಮಾತು ವರದಿಯದ್ದು. ಉತ್ಖನನ ಅಂದರೆ ಒಂದು ರೀತಿಯಲ್ಲಿ ನಾಶವೇ. ಒಮ್ಮೆ ತೋಡಿದ ಗುಂಡಿಯನ್ನು ಇನ್ನೊಬ್ಬರು ತೋಡಲಾಗುವುದಿಲ್ಲ. ಉಳಿಯುವುದು ನಕ್ಷೆ, ಚಿತ್ರ, ಟಿಪ್ಪಣಿ, ಮಣ್ಣಿನ ಮಾದರಿ. ಅದು ಅಚ್ಚಾಗದಿದ್ದರೆ ಅಗೆಯದೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮಕಿಂಗ್‌ನ ಅಗೆತ 1978ಕ್ಕೆ ಮುಗಿದರೂ ಅಲ್ಲಿನ ಮಧ್ಯಯುಗದ ಹಳ್ಳಿಯ ಸಂಪುಟ ಬಂದದ್ದು 1993ರಲ್ಲಿ, ಇತಿಹಾಸಪೂರ್ವ ಕಾಲದ ಸಂಪುಟ ಬಂದದ್ದು 2010ರ ನಂತರ. ಅಷ್ಟು ಅನುಕೂಲ ಇರುವ ದೇಶದಲ್ಲೇ ಹೀಗೆ. ನಮ್ಮಲ್ಲಿ ಎಷ್ಟೋ ಸಲ ಒಂದು ಪತ್ರಿಕಾಗೋಷ್ಠಿ ಆಗುತ್ತದೆ, ನಾಲ್ಕು ಫೋಟೊ ಬರುತ್ತದೆ, ಗುಂಡಿ ಮುಚ್ಚುತ್ತಾರೆ, ಆಮೇಲೆ ಸದ್ದಿಲ್ಲ. ಇದರಲ್ಲಿ ಅಗೆಯುವವರ ತಪ್ಪೇ ಎಲ್ಲ ಅಂತ ನಾನು ಹೇಳುವುದಿಲ್ಲ. ಅಗೆಯಲು ಕೊಡುವ ದುಡ್ಡನ್ನು ಆಮೇಲಿನ ಕೆಲಸಕ್ಕೆ ಕೊಡುವವರು ಕಡಿಮೆ. ಮೂಳೆ ವಿಂಗಡಿಸಿ, ಕಾಳು ಎಣಿಸಿ, ಚೂರು ಜೋಡಿಸುವ ಕೆಲಸಕ್ಕೆ ಅಗೆಯುವುದಕ್ಕಿಂತ ಜಾಸ್ತಿ ಸಮಯ ಬೇಕು. ಆದರೆ ಆ ಬಗ್ಗೆ ಯಾರೂ ಕೇಳುವುದೇ ಇಲ್ಲವಲ್ಲ, ಅದು ನಿಮ್ಮ ಕೆಲಸ.

ಹಾಗಾಗಿ ಮುಂದೆ ಎಲ್ಲಾದರೂ ಹಳ್ಳಿಯ ನೆಲೆ ಅಗೆಯುತ್ತಿದ್ದಾರೆ ಅಂತ ಸುದ್ದಿ ಬಂದರೆ 'ಏನು ಸಿಕ್ಕಿತು' ಅಂತ ಕೇಳುವುದರ ಜೊತೆಗೆ ಮನೆ ಯಾವ ಆಕಾರದಲ್ಲಿತ್ತು, ಮಣ್ಣನ್ನು ನೀರಿನಲ್ಲಿ ತೇಲಿಸಿ ನೋಡಿದಿರಾ, ಕಾಲ ಹೇಳಿದ್ದು ಯಾವುದರಿಂದ, ವರದಿ ಯಾವಾಗ ಅಂತಲೂ ಕೇಳಿಸಿ. ಇನ್ನೊಂದು ಕೆಲಸವನ್ನು ನಾಳೆಯೇ ಮಾಡಬಹುದು. ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ರಾಜ್ಯದಲ್ಲಿ ನಡೆದ ಉತ್ಖನನಗಳ ಸುದ್ದಿ ನಿಮ್ಮ ಹಳೆಯ ಸಂಚಿಕೆಗಳಲ್ಲೇ ಇದೆ. ಒಬ್ಬ ವರದಿಗಾರರನ್ನು ಕೂರಿಸಿ ಅವುಗಳ ಪಟ್ಟಿ ಮಾಡಿಸಿ, ಪ್ರತಿಯೊಂದರ ಪೂರ್ಣ ವರದಿ ಪ್ರಕಟವಾಗಿದೆಯೇ ಅಂತ ಸಂಬಂಧಪಟ್ಟವರನ್ನು ಕೇಳಿಸಿ. ಬಂದ ಉತ್ತರಗಳನ್ನು, ಉತ್ತರ ಬಾರದ್ದನ್ನೂ, ಸಾಲಾಗಿ ಅಚ್ಚು ಹಾಕಿ.

ಇತಿ,
ನಿಮ್ಮ ಹಳೆಯ ಓದುಗ